ಅಭಿಮಾನಿ ಬಾಸ್ವೆಲ್

‘ಅಭಿಮಾನ’ ಎಂಬ ಮಾತು ಸಂಸ್ಕೃತದಲ್ಲಿ ಮುಖ್ಯವಾಗಿ ಅಹಂಕಾರದ ನೆಂಟ. ನಾನು, ನನ್ನದು ಎಂಬ ಹಮ್ಮಿಗೆ ಅದು ಹೆಸರು. ಅದೇ ಮಾತು ಕನ್ನಡಿಗರ ಬಾಯಲ್ಲಿ ಬಳಸಿ ಬಳಸಿ ಮೆತ್ತಗಾಯಿತು. ಇನ್ನೊಬ್ಬರ ಹಿರಿಮೆಯನ್ನು ಕಂಡು ಮನಸ್ಸು ತುಂಬಿ ಬರುವ ಒಲವಿಗೂ ಅದೇ ಹೆಸರಾಯಿತು. ದುರಭಿಮಾನಿಯೂ ಕಲಾಭಿಮಾನಿಯೂ ನಮ್ಮಲ್ಲಿ ಒಂದೇ ಮನೆಯ ಮಕ್ಕಳು. ತರಗತಿಯಲ್ಲಿ ಈ ಅರ್ಥಭೇದವನ್ನು ವಿವರಿಸಬೇಕಾಗಿ ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬಂದು ನಿಲ್ಲುವವನು ಹದಿನೆಂಟನೆಯ ಶತಮಾನದ ಒಬ್ಬ ಸ್ಕಾಟ್ಲೆಂಡಿನ ವಕೀಲ, ಜೇಮ್ಸ್ ಬಾಸ್ವೆಲ್. ಆ ಮಾತಿನ ಎರಡು ಅರ್ಥಗಳೂ ಅವನ ಎದೆಯಲ್ಲಿ ಒಟ್ಟಿಗೆ ಬಿಡಾರ ಮಾಡಿದ್ದುವು. ತನ್ನ ಮೇಲಿನ ಅಭಿಮಾನ ಅವನನ್ನು ಬಾಳಿನುದ್ದಕ್ಕೂ ಕಾಡಿತು. ಇನ್ನೊಬ್ಬನ ಮೇಲಿನ ಅಭಿಮಾನ ಅವನನ್ನು ಕಾಪಾಡಿತು.

ಸ್ಯಾಮ್ಯುಅಲ್ ಜಾನ್ಸನ್ನನ ಜೀವನಚರಿತ್ರೆಯನ್ನು ಬರೆದವನೆಂದು ಬಾಸ್ವೆಲ್ಲನನ್ನು ಜಗತ್ತು ಬಲ್ಲದು. ಗ್ರಂಥ ದೊಡ್ಡದೆಂದು ಒಪ್ಪಿದವರೂ ಅದನ್ನು ಬರೆದ ಮನುಷ್ಯನನ್ನು ಬಹುಕಾಲ ಸಣ್ಣವನೆಂದೇ ಎಣಿಸಿದರು. 1831ರಲ್ಲಿ ಮೆಕಾಲೆ ಬರೆದ ವಿಮರ್ಶೆಯಂತೂ ಅವನ ಮೂರ್ಖತನವೇ ಆ ಗ್ರಂಥದ ಹಿರಿಮೆಗೆ ಕಾರಣವೆಂಬ ವಿಚಿತ್ರ ವಾದವನ್ನು ಹೂಡಿತು. ನಾಲ್ಕು ವರ್ಷಗಳ ಅನಂತರ ನಮ್ಮ ದೇಶದ ವಿದ್ಯಾಭ್ಯಾಸದ ಮೇಲೆ ಅಷ್ಟೇ ಧೈರ್ಯದಿಂದ ತೀರ್ಪು ಕೊಟ್ಟವನೂ ಇದೇ ಮೆಕಾಲೆ. ದೊಡ್ಡವರ ಹಿಂದೆ ಹಿಂದೆ ಓಡಾಡುವವನಿಗೆ ತನ್ನದೆಂಬ ಬಾಳೇ ಇರುವುದಿಲ್ಲ ಎಂಬ ನಂಬಿಕೆ ಈ ತಿರಸ್ಕಾರದ ಬೇರು. ವಿದ್ಯಾವಂತರಲ್ಲಿ ಈ ನಂಬಿಕೆ ಇಂದಿಗೂ ಬಲವಾಗಿದೆ. ಆದುದರಿಂದಲೇ ಬಾಸ್ವೆಲ್ಲನ ಕಥೆಯನ್ನು ಇನ್ನೊಮ್ಮೆ ಹೇಳುವುದು ವ್ಯರ್ಥವಲ್ಲವೆಂದು ನನ್ನ ಎಣಿಕೆ.

ಅವನು ಹುಟ್ಟಿದುದು 1740ರ ಅಕ್ಟೋಬರ್ 29ರಂದು, ಎಡಿನ್‌ಬರೊ ನಗರದಲ್ಲಿ. ತಂದೆ ಅಲೆಗ್ಸಾಂಡರ್ ಬಾಸ್ವೆಲ್ ಆಕಿನ್‌ಲೆಕ್ ಎಂಬ ಹಳೆಯ ಜಮೀನುದಾರಿಯ ಒಡೆಯ. ಮುಂದೆ ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶನಾದವನು. ಬಿಗಿಮುಷ್ಟಿಯ, ಬಿಗಿಮಾತಿನ ಮನುಷ್ಯ. ಹಿರಿಯ ಮಗನು ಕಾನೂನು ಓದಬೇಕು, ಮನೆತನದ ಹೆಸರನ್ನು ಉಳಿಸಬೇಕು, ಇಷ್ಟೇ ಆತನ ಬಯಕೆ. ಮಗನಿಗಾದರೋ ನಾಟಕ, ಕವಿತೆ, ಹೆಂಡ, ಹೆಣ್ಣು, ಲಂಡನ್ನಿನ ಬೀದಿ, ಇವೆಲ್ಲದರ ಮೇಲೆ ಆಸೆ. 1760ರಲ್ಲಿ ಒಮ್ಮೆ ಮನೆ ಬಿಟ್ಟು ಲಂಡನ್ನಿಗೆ ಓಡಿಹೋದ. ತಂದೆ ಹಿಂದಕ್ಕೆ ಕರೆತಂದ. 1762ರಲ್ಲಿ ಕಾನೂನಿನ ಒಂದು ಪರೀಕ್ಷೆಯನ್ನು ಮುಗಿಸಿ, ರಾಜನ ಕಾವಲು ಪಡೆಯಲ್ಲಿ ಅಧಿಕಾರ ಸಂಪಾದಿಸುವ ನೆಪದಿಂದ ಮತ್ತೆ ಹೋದ. ಈ ಚಪಲತೆಯ ಅಡಿಯಲ್ಲಿ ಒಂದು ಕತ್ತಲೆಯೂ ಇತ್ತು. ಯಾವ ಕಾರಣವೂ ಇಲ್ಲದೆ ಮನಸ್ಸು ಕುಸಿದು ಬೀಳುವ ರೋಗ ಎಳೆಯ ವಯಸ್ಸಿನಿಂದಲೇ ಅವನಿಗೆ ಅಂಟಿಕೊಂಡಿತ್ತು. ತಾನು ಏನೂ ಅಲ್ಲ, ಏನೂ ಆಗಲಾರೆ ಎಂಬ ಭಯ ಒಂದು ಗಳಿಗೆ. ತನ್ನಂಥವರಿಲ್ಲ ಎಂಬ ಉಬ್ಬು ಮರುಗಳಿಗೆ. ತನ್ನನ್ನೇ ತಾನು ನೋಡಿಕೊಂಡು ದಣಿದ ಈ ತರುಣ ಕಣ್ಣೆತ್ತಿ ನೋಡಲು ಯಾರನ್ನಾದರೂ ಹುಡುಕುತ್ತಿದ್ದ.

ಆಗ ಇಂಗ್ಲಿಷ್ ಸಾಹಿತ್ಯದಲ್ಲಿ ಸ್ಯಾಮ್ಯುಅಲ್ ಜಾನ್ಸನ್ ದೊಡ್ಡ ಹೆಸರು. ಲಿಚ್‌ಫೀಲ್ಡ್ ಊರಿನ ಪುಸ್ತಕ ವ್ಯಾಪಾರಿಯ ಮಗ. ಬಡತನದಿಂದ ಪದವಿಯಿಲ್ಲದೆ ಆಕ್ಸ್‌ಫರ್ಡನ್ನು ಬಿಟ್ಟವನು. ಲೇಖನಿಯೊಂದನ್ನೇ ನಂಬಿ ಬದುಕಿ, 1755ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದವನು. ಅವನ ಪ್ರಬಂಧಗಳನ್ನು ಬಾಸ್ವೆಲ್ ಸ್ಕಾಟ್ಲೆಂಡಿನಲ್ಲಿರುವಾಗಲೇ ಓದಿ, ಬರೆದವನನ್ನು ಮನಸ್ಸಿನಲ್ಲೇ ಪೂಜಿಸುತ್ತಿದ್ದ. ಪುಸ್ತಕದಿಂದ ಪುಸ್ತಕದ ಒಡೆಯನ ಕಡೆಗೆ ಮನಸ್ಸು ಹರಿಯುವುದು ಓದುಗರಿಗೆಲ್ಲ ಗೊತ್ತಿರುವ ಅನುಭವ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಬಾಸ್ವೆಲ್ ನಿಲ್ಲಲಿಲ್ಲ.

1763ರ ಮೇ 16ರ ಸಂಜೆ, ಲಂಡನ್ನಿನ ರಸೆಲ್ ಬೀದಿಯಲ್ಲಿ, ಹಿಂದೆ ನಟನಾಗಿದ್ದ ಟಾಮ್ ಡೇವಿಸ್ ಎಂಬವನ ಪುಸ್ತಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಬಾಸ್ವೆಲ್ ಚಹಾ ಕುಡಿಯುತ್ತ ಕುಳಿತಿದ್ದ. ಅನಿರೀಕ್ಷಿತವಾಗಿ ಜಾನ್ಸನ್ ಒಳಗೆ ಬಂದ. ಜಾನ್ಸನ್ನನಿಗೆ ಸ್ಕಾಟ್ಲೆಂಡಿನವರನ್ನು ಕಂಡರೆ ಆಗದೆಂದು ಬಾಸ್ವೆಲ್ ಬಲ್ಲ. ತನ್ನ ಊರನ್ನು ಹೇಳಬೇಡವೆಂದು ಅಂಗಡಿಯವನನ್ನು ಬೇಡಿಕೊಂಡ. ಡೇವಿಸ್ ತುಂಟತನದಿಂದ ಅದನ್ನೇ ಮೊದಲು ಹೇಳಿದ. ಬಾಸ್ವೆಲ್ ಗಾಬರಿಯಲ್ಲಿ ಏನೋ ಸಮಾಧಾನ ಹೇಳಲು ಹೋಗಿ ಒಂದು ಪೆಟ್ಟು ತಿಂದ. ಸ್ವಲ್ಪ ಹೊತ್ತಿನ ಮೇಲೆ, ನಟ ಗ್ಯಾರಿಕ್ಕನ ವಿಷಯ ಬಂದಾಗ, ತನಗೆ ಸಂಬಂಧವಿಲ್ಲದ ಮಾತಿನಲ್ಲಿ ಬಾಯಿ ಹಾಕಿ ಇನ್ನೊಂದು ಪೆಟ್ಟು ತಿಂದ. 53 ವರ್ಷದ ಆ ಗುಡುಗಿನ ಮುಂದೆ 22 ವರ್ಷದ ಹುಡುಗ ಮುದುಡಿ ಕುಳಿತ. ಆದರೆ ಎದ್ದು ಹೋಗಲಿಲ್ಲ. ನನ್ನ ಮಟ್ಟಿಗೆ ಅವನ ಬಾಳಿನ ದೊಡ್ಡ ಗಳಿಗೆ ಅದು. ತನ್ನ ಮೇಲಿನ ಅಭಿಮಾನ ಮಾತ್ರ ಇದ್ದವನು ಟೋಪಿಯನ್ನೆತ್ತಿಕೊಂಡು ಹೊರಟುಬಿಡುತ್ತಿದ್ದ, ಉಳಿದ ಆಯುಸ್ಸಿನಲ್ಲಿ ಜಾನ್ಸನ್ನನ ಒರಟುತನದ ಕಥೆಯನ್ನು ಹೇಳಿಕೊಂಡು ತಿರುಗುತ್ತಿದ್ದ. ಇವನು ಕುಳಿತು ಕೇಳಿದ; ಮನೆಗೆ ಹೋಗಿ, ತನಗಾದ ಅವಮಾನವನ್ನೂ ಸೇರಿಸಿ, ಕೇಳಿದುದನ್ನು ದಿನಚರಿಯಲ್ಲಿ ಬರೆದಿಟ್ಟ. ಎಂಟು ದಿನ ಬಿಟ್ಟು ಜಾನ್ಸನ್ನನ ಮನೆಯ ಬಾಗಿಲಿಗೇ ಹೋದ. ಈ ಸಲ ಹಿರಿಯನು ಇನ್ನೂ ಕುಳಿತಿರು ಎಂದ.

ಮುಂದಿನ ಎರಡು ಮೂರು ತಿಂಗಳಲ್ಲಿ ಸ್ನೇಹ ಬಲಿಯಿತು. ಮೈಟರ್ ಎಂಬ ಪಾನಗೃಹದಲ್ಲಿ ನಡುರಾತ್ರಿ ಕಳೆಯುವವರೆಗೆ ಅವರ ಮಾತುಕತೆ ಸಾಗುತ್ತಿತ್ತು. ಬಾಸ್ವೆಲ್ ತನ್ನ ಮನಸ್ಸಿನ ಕತ್ತಲೆಯನ್ನು ತೋಡಿಕೊಂಡ. ಆಗ ತಿಳಿದುದೇನೆಂದರೆ, ಆ ದೊಡ್ಡ ಮನುಷ್ಯನಿಗೂ ಅದೇ ರೋಗ. ಬುದ್ಧಿ ಕೆಟ್ಟೀತೆಂಬ ಭಯ ಅವನನ್ನೂ ಜೀವಮಾನವೆಲ್ಲ ಬೆನ್ನಟ್ಟಿತ್ತು. ದಿನಚರಿಯನ್ನು ಬಿಡದೆ ಬರೆಯೆಂದು ಜಾನ್ಸನ್ ಹುರಿದುಂಬಿಸಿದ. ತಂದೆಯ ಅಪ್ಪಣೆಯಂತೆ ಕಾನೂನು ಓದಲು ಬಾಸ್ವೆಲ್ ಹಾಲೆಂಡಿನ ಉಟ್ರೆಕ್ಟ್ ನಗರಕ್ಕೆ ಹೊರಟಾಗ, ಲಂಡನ್ನಿನಿಂದ ಸುಮಾರು 70 ಮೈಲಿ ದೂರದ ಹಾರ್ವಿಚ್ ಬಂದರದವರೆಗೆ ಜಾನ್ಸನ್ ಅವನೊಡನೆ ಗಾಡಿಯಲ್ಲಿ ಹೋದ. ಹಡಗು ಹೊರಟ ಮೇಲೂ ದಡದಲ್ಲಿ ನಿಂತಿದ್ದ ಆ ಭಾರಿ ದೇಹವನ್ನು ಬಾಸ್ವೆಲ್ ಬಹಳ ಹೊತ್ತು ನೋಡಿದ. ಪರಿಚಯವಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಬಾಸ್ವೆಲ್ಲನ ಅಭಿಮಾನ ಒಬ್ಬನಲ್ಲೇ ಬತ್ತಿಹೋಗುವಂಥದಲ್ಲ. 1764ರ ಡಿಸೆಂಬರಿನಲ್ಲಿ ಅವನು ಸ್ವಿಟ್ಜರ್ಲೆಂಡಿನ ಬೆಟ್ಟದ ಊರಿನಲ್ಲಿದ್ದ ರೂಸೊನನ್ನು ಹುಡುಕಿಕೊಂಡು ಹೋದ. ಅದೇ ತಿಂಗಳು ಫರ್ನೆಗೆ ಹೋಗಿ ವೋಲ್ತೇರನನ್ನು ಕಂಡ. ಮರುವರ್ಷ ಕಾರ್ಸಿಕಾ ದ್ವೀಪಕ್ಕೆ ಹೋಗಿ, ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಪಾವೊಲಿಯ ಸ್ನೇಹ ಗಳಿಸಿದ. 1768ರಲ್ಲಿ ಅವನು ಪ್ರಕಟಿಸಿದ ಕಾರ್ಸಿಕಾ ವೃತ್ತಾಂತ ಯುರೋಪಿನಲ್ಲೆಲ್ಲ ಹೆಸರಾಯಿತು. 1769ರಲ್ಲಿ ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡಿನಲ್ಲಿ ಗ್ಯಾರಿಕ್ ನಡೆಸಿದ ಉತ್ಸವಕ್ಕೆ ಅವನು ಕಾರ್ಸಿಕಾ ಯೋಧನ ವೇಷ ತೊಟ್ಟುಕೊಂಡು ಹೋದ. ನೋಡಿದವರು ನಕ್ಕರು, ಇಂದಿಗೂ ನಗು ಬರುತ್ತದೆ. ಆ ವೇಷದಲ್ಲಿ ಅಭಿಮಾನದ ಎರಡು ಅರ್ಥಗಳೂ ಒಂದೇ ಅಂಗಿಯೊಳಗೆ ತೂರಿಕೊಂಡಿದ್ದುವು. ಆದರೆ ಅದೇ ವರ್ಷ ಪಾವೊಲಿ ಸೋತು ದೇಶಭ್ರಷ್ಟನಾಗಿ ಲಂಡನ್ನಿಗೆ ಬಂದಾಗ, ಬಾಸ್ವೆಲ್ ಅವನನ್ನು ಕೈಬಿಡಲಿಲ್ಲ. ಜಾನ್ಸನ್ನನ ಪರಿಚಯ ಮಾಡಿಸಿದ. ತನಗೆ ಪ್ರಿಯರಾದವರನ್ನು ಪರಸ್ಪರ ಪ್ರಿಯರಾಗಿ ಮಾಡುವುದು ಅವನಿಗೊಂದು ಚಟ. ಲೋಭಿಯಾದ ಅಭಿಮಾನಿ ತನ್ನ ದೇವರನ್ನು ತಾನೇ ಇಟ್ಟುಕೊಳ್ಳುತ್ತಾನೆ, ಇವನು ಹಂಚಿದ.

ಜಾನ್ಸನ್ನನಿಗೆ ಇದರಿಂದ ಏನು ದೊರೆಯಿತು? ಕೀರ್ತಿ ಅವನಿಗೆ ಆಗಲೇ ಇತ್ತು. ಇಲ್ಲದಿದ್ದುದು ಒಡನಾಟ. ಹೆಂಡತಿ 1752ರಲ್ಲಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಕಣ್ಣು ಕಾಣದ ಅನ್ನಾ ವಿಲಿಯಮ್ಸ್, ಬಡವರ ವೈದ್ಯ ಲೆವೆಟ್, ಜಮೈಕದಲ್ಲಿ ಗುಲಾಮನಾಗಿ ಹುಟ್ಟಿ ಇವನ ಮನೆಯಲ್ಲಿ ಮಗನಂತಿದ್ದ ಫ್ರಾನ್ಸಿಸ್ ಬಾರ್ಬರ್, ಇವರೇ ಅವನ ಸಂಸಾರ. ಒಂಟಿಯಾಗಿ ಮಲಗಲು ಹೆದರಿ ರಾತ್ರಿಗಳನ್ನು ಮಾತಿನಲ್ಲಿ ನೂಕುತ್ತಿದ್ದ ಮುದುಕನಿಗೆ, ಪ್ರತಿ ಮಾತನ್ನೂ ಹಸಿದು ಕೇಳುವ, ಕೆಣಕಿ ಹೊಸ ಮಾತು ಹೊರಡಿಸುವ ತರುಣ ಒಂದು ಭಾಗ್ಯವೇ ಸರಿ. ನಮ್ಮ ಡಾ. ರಾಜಕುಮಾರ್ ಅವರು ಅಭಿಮಾನಿಗಳನ್ನು ದೇವರೆಂದು ಕರೆಯುತ್ತಿದ್ದುದು ಕನ್ನಡಿಗರಿಗೆಲ್ಲ ಗೊತ್ತು. ಅದು ಬರಿಯ ವಿನಯವಲ್ಲವೆಂದು ನನಗೆ ತೋರುತ್ತದೆ. ಪೂಜೆಗೊಳ್ಳುವವನಿಗೂ ಪೂಜಿಸುವವನಿಂದ ಆಗಬೇಕಾದ ಕೆಲಸವಿರುತ್ತದೆ.

ಹೀಗೆಂದು ಅವರು ಸದಾ ಜೊತೆಯಲ್ಲಿದ್ದರೆಂದು ವಾಚಕರು ಭಾವಿಸಬಾರದು. 1766ರಿಂದ ಬಾಸ್ವೆಲ್ ಎಡಿನ್‌ಬರೊದಲ್ಲಿ ವಕೀಲಿ ನಡೆಸಿದ, 1769ರಲ್ಲಿ ಸೋದರ ಸಂಬಂಧಿ ಮಾರ್ಗರೆಟ್ ಮಾಂಟ್ಗೊಮರಿಯನ್ನು ಮದುವೆಯಾದ, ಮಕ್ಕಳಾದರು. ನ್ಯಾಯಾಲಯಕ್ಕೆ ರಜೆ ಬಂದಾಗ, ಅದೂ ಎಲ್ಲ ವರ್ಷವೂ ಅಲ್ಲ, ಲಂಡನ್ನಿಗೆ ಹೋಗುತ್ತಿದ್ದ. 21 ವರ್ಷಗಳ ಸ್ನೇಹದಲ್ಲಿ ಅವರು ಒಟ್ಟಿಗಿದ್ದ ದಿನಗಳನ್ನೆಲ್ಲ ಕೂಡಿಸಿದರೂ ಎರಡು ವರ್ಷ ತುಂಬುವುದಿಲ್ಲ. 1773ರಲ್ಲಿ, ಜಾನ್ಸನ್, ರೆನಾಲ್ಡ್ಸ್, ಬರ್ಕ್, ಗೋಲ್ಡ್‌ಸ್ಮಿತ್ ಮೊದಲಾದವರಿದ್ದ ಪ್ರಸಿದ್ಧ ಕ್ಲಬ್ಬಿಗೆ ಅವನು ಸದಸ್ಯನಾದ. ಅದೇ ವರ್ಷ, 63 ದಾಟಿದ ಜಾನ್ಸನ್ನನನ್ನು ಒಲಿಸಿ ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳ ಯಾತ್ರೆಗೆ ಹೊರಡಿಸಿದ. ಸ್ಕಾಟ್ಲೆಂಡನ್ನು ಹಳಿದು ಹೆಸರಾದವನು ಸ್ಕಾಟ್ಲೆಂಡಿನ ಮಳೆಯಲ್ಲಿ, ಸಣ್ಣ ಕುದುರೆಗಳ ಮೇಲೆ, ಸಣ್ಣ ದೋಣಿಗಳಲ್ಲಿ ಸುಮಾರು ಮೂರು ತಿಂಗಳು ಸುತ್ತಿದ. ಒಂಟಿಯಾಗಿದ್ದರೆ ಇಬ್ಬರಲ್ಲಿ ಯಾರೂ ಈ ಸಾಹಸಕ್ಕೆ ಕೈಹಾಕುತ್ತಿರಲಿಲ್ಲ.

ಆ ಯಾತ್ರೆಯ ಒಂದು ರಾತ್ರಿ ನನಗೆ ಬಹಳ ಪ್ರಿಯ. ಅಕ್ಟೋಬರ್ 3ರಂದು ಸ್ಕೈ ದ್ವೀಪದಿಂದ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿತು. ಕೆಳಗಿನ ಕೋಣೆಯಲ್ಲಿ ಜಾನ್ಸನ್, ಬೆನ್ನಿಗೊಂದು ಬೇಟೆನಾಯಿಯನ್ನು ಬೆಚ್ಚಗೆ ಒತ್ತಿಕೊಂಡು, ನಿಶ್ಚಿಂತೆಯಾಗಿ ಮಲಗಿದ್ದ. ಮೇಲೆ ಬಾಸ್ವೆಲ್ ಸಾವಿನ ಭಯದಿಂದ ನಡುಗುತ್ತಿದ್ದ. ತಾನೂ ಏನಾದರೂ ಮಾಡಬೇಕೆಂದು ಅವನು ಕೇಳಿಕೊಂಡಾಗ, ಜೊತೆಗಿದ್ದ ಕಾಲ್ ದ್ವೀಪದ ತರುಣ ಒಡೆಯ ಅವನ ಕೈಗೆ ಒಂದು ಹಗ್ಗವನ್ನು ಕೊಟ್ಟು, ಹೇಳಿದಾಗ ಎಳೆಯಲು ಸಿದ್ಧನಾಗಿ ಹಿಡಿದು ನಿಂತಿರೆಂದ. ಮಳೆ ಗಾಳಿಗಳ ನಡುವೆ ಬಾಸ್ವೆಲ್ ಅದನ್ನು ಭದ್ರವಾಗಿ ಹಿಡಿದು ನಿಂತ. ಅದರಿಂದ ಹಡಗಿಗೆ ಯಾವ ಪ್ರಯೋಜನವೂ ಇರಲಿಲ್ಲ. ಅವನು ದಾರಿಗಡ್ಡವಾಗದಿರಲಿ, ಮನಸ್ಸು ಒಂದು ಕಡೆ ನಿಲ್ಲಲಿ ಎಂದಷ್ಟೆ ಕೊಟ್ಟ ಕೆಲಸವೆಂದು ಆಮೇಲೆ ಅವನಿಗೇ ಹೊಳೆಯಿತು. ಹೊಳೆದುದನ್ನು ಮರೆಮಾಚದೆ ಪುಸ್ತಕದಲ್ಲಿ ಬರೆದ. ಜಾನ್ಸನ್ನನ ಮೇಲಿನ ಅಭಿಮಾನ ಅವನ ಬಾಳಿನಲ್ಲಿ ಇಂಥದೇ ಹಗ್ಗವಾಗಿತ್ತು. ಗಾಳಿಯನ್ನು ಅದು ನಿಲ್ಲಿಸಲಿಲ್ಲ. ಅವನನ್ನು ನಿಲ್ಲಿಸಿತು.

ಮನೆಯವರಿಗೆ ಈ ಸ್ನೇಹ ಹಿಡಿಸಲಿಲ್ಲ. ಮಾರ್ಗರೆಟ್ ಬುದ್ಧಿವಂತೆ, ಅತಿಥಿಗೆ ಉಪಚಾರದಲ್ಲಿ ಕೊರತೆ ಮಾಡಲಿಲ್ಲ, ಆದರೆ ಮನುಷ್ಯನನ್ನು ಕರಡಿ ಆಡಿಸುವುದನ್ನು ಈಗಲೇ ಕಂಡೆನೆಂಬರ್ಥದ ಹಾಸ್ಯವನ್ನೂ ಬಿಡಲಿಲ್ಲ. ಆಕಿನ್‌ಲೆಕ್ಕಿನಲ್ಲಿ ತಂದೆಗೂ ಜಾನ್ಸನ್ನನಿಗೂ ರಾಜಕೀಯದ ಮೇಲೆ ಕಿಡಿ ಹಾರಿತು. ಹೆತ್ತವನೊಬ್ಬ, ತಾನೇ ಆರಿಸಿಕೊಂಡ ತಂದೆ ಇನ್ನೊಬ್ಬ, ನಡುವೆ ಮಗ. ಕಂಡುದನ್ನೆಲ್ಲ ಬರೆದಿಡುವ ಈ ಮನುಷ್ಯ ಆ ಜಗಳದ ವಿವರವನ್ನು ಮಾತ್ರ ಪ್ರಕಟಿಸಲಿಲ್ಲ. ಇಬ್ಬರು ಪೂಜ್ಯರನ್ನು ಜಟ್ಟಿಗಳಂತೆ ಜನರ ಮುಂದೆ ನಿಲ್ಲಿಸುವುದು ತರವಲ್ಲವೆಂದು ಸುಮ್ಮನಾದ. ಬಾಸ್ವೆಲ್ಲನಿಗೆ ನಾಚಿಕೆಯೇ ಇರಲಿಲ್ಲ ಎನ್ನುವವರು ಈ ಮೌನವನ್ನು ಗಮನಿಸಬೇಕು.

ಅವನ ಕೌಶಲ ನೋಡಬೇಕಾದರೆ 1776ರ ಮೇ 15ರ ಔತಣವನ್ನು ನೆನೆಯಬೇಕು. ಜಾನ್ಸನ್ನನ ಕಡುವಿರೋಧಿಯಾದ ರಾಜಕಾರಣಿ ಜಾನ್ ವಿಲ್ಕ್ಸ್‌ನನ್ನೂ ಜಾನ್ಸನ್ನನನ್ನೂ ಡಿಲಿ ಸಹೋದರರ ಮನೆಯ ಒಂದೇ ಪಂಕ್ತಿಯಲ್ಲಿ ಕೂಡಿಸಲು ಅವನು ಹಂಚಿಕೆ ಹೂಡಿದ. ಜಾನ್ಸನ್ನನ ಹಟದ ಸ್ವಭಾವವನ್ನೇ ಉಪಾಯವಾಗಿ ಬಳಸಿ ಒಪ್ಪಿಸಿದ. ಆ ದಿನ ಮನೆಯಲ್ಲೇ ಊಟಕ್ಕೆ ಹೇಳಿದ್ದ ಅನ್ನಾ ವಿಲಿಯಮ್ಸಳನ್ನು ಬೇಡಿ ಅನುಮತಿ ಪಡೆದ. ವಿಲ್ಕ್ಸ್ ಪಕ್ಕದಲ್ಲಿ ಕುಳಿತು ಒಳ್ಳೊಳ್ಳೆಯ ಮಾಂಸದ ತುಂಡುಗಳನ್ನು ಆರಿಸಿ ಬಡಿಸುತ್ತಿದ್ದಂತೆ ಜಾನ್ಸನ್ನನ ಹುಬ್ಬಿನ ಗಂಟು ಸಡಿಲವಾಯಿತು. ಕೊನೆಗೆ ಇಬ್ಬರೂ ಒಂದಾಗಿ ಸ್ಕಾಟ್ಲೆಂಡಿನವರನ್ನು ಗೇಲಿ ಮಾಡಿ ನಕ್ಕರು. ಗೇಲಿಗೆ ಗುರಿಯಾದ ಬಾಸ್ವೆಲ್ಲನೇ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟ.

ಅಭಿಮಾನಿಯೆಂದರೆ ತಲೆಯಾಡಿಸುವವನೆಂದು ತಿಳಿಯುವುದೂ ಸರಿಯಲ್ಲ. ಆಫ್ರಿಕದಲ್ಲಿ ಹುಟ್ಟಿ ಗುಲಾಮನಾಗಿ ಸ್ಕಾಟ್ಲೆಂಡಿಗೆ ಬಂದಿದ್ದ ಜೋಸೆಫ್ ನೈಟ್ ಎಂಬವನು ತನ್ನ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಹೋದಾಗ, ಜಾನ್ಸನ್ 1777ರಲ್ಲಿ ಅವನ ಪರವಾದ ವಾದವನ್ನು ಬಾಸ್ವೆಲ್ಲನಿಗೆ ಹೇಳಿ ಬರೆಸಿದ. 1778ರಲ್ಲಿ ನೈಟ್ ಗೆದ್ದ. ಬಾಸ್ವೆಲ್ಲನಾದರೋ ಗುಲಾಮಗಿರಿಯನ್ನು ಸಮರ್ಥಿಸಿದವನು. 1791ರಲ್ಲಿ ಅದನ್ನು ರದ್ದುಮಾಡಬಾರದೆಂದು ಒಂದು ಪದ್ಯವನ್ನೂ ಪ್ರಕಟಿಸಿದ. ಈ ವಿಷಯದಲ್ಲಿ ಗುರು ಸರಿ, ಶಿಷ್ಯ ತಪ್ಪು. ಅದನ್ನು ತೇಲಿಸಿ ಹೇಳುವ ಅಗತ್ಯವಿಲ್ಲ. ಆದರೆ ತನಗೆ ವಿರುದ್ಧವಾದ ಆ ವಾದವನ್ನು ಗುರುವಿನ ಜೀವನಚರಿತ್ರೆಯಲ್ಲಿ ಪೂರ್ತಿಯಾಗಿ ಅಚ್ಚುಹಾಕಿ, ತನ್ನ ಭಿನ್ನಾಭಿಪ್ರಾಯವನ್ನು ಪಕ್ಕದಲ್ಲಿಟ್ಟ. ಅದರಿಂದಲೇ ಇಂದು ನಾವು ಇಬ್ಬರನ್ನೂ ತೂಗಿ ನೋಡಬಲ್ಲೆವು.

1784ರ ಬೇಸಿಗೆಯಲ್ಲಿ ಜಾನ್ಸನ್ನನ ದೇಹ ಕುಗ್ಗಿತ್ತು. ಇಟಲಿಯ ಹವೆಯಿಂದ ಗುಣವಾದೀತೆಂದು ನಂಬಿ, ಅವನಿಗೆ ತಿಳಿಸದೆ, ಸರ್ಕಾರದಿಂದ ಹಣ ಕೊಡಿಸಲು ಬಾಸ್ವೆಲ್ ಓಡಾಡಿದ. ವಿಷಯ ತಿಳಿದಾಗ ಮುದುಕನ ಕಣ್ಣಲ್ಲಿ ನೀರು ಬಂದಿತು. ಹಣ ಮಾತ್ರ ಬರಲಿಲ್ಲ. ಜೂನ್ 30ರ ರಾತ್ರಿ ರೆನಾಲ್ಡ್ಸನ ಗಾಡಿಯಲ್ಲಿ ಅವನನ್ನು ಮನೆಯ ಬೀದಿಯವರೆಗೆ ಬಿಟ್ಟುದೇ ಕೊನೆಯ ಭೇಟಿ. ಊರಿಗೆ ಮರಳಿದ ಬಾಸ್ವೆಲ್ಲನನ್ನು ಹಳೆಯ ಕತ್ತಲೆ ಕವಿಯಿತು, ಕಾಗದಗಳು ವಿರಳವಾದುವು. ಡಿಸೆಂಬರ್ 13ರಂದು ಜಾನ್ಸನ್ ತೀರಿಕೊಂಡ. ಮರಣಪತ್ರದಲ್ಲಿ ಬಾರ್ಬರನಿಗೆ ವರ್ಷಕ್ಕೆ 70 ಪೌಂಡಿನ ಉಪಜೀವನವಿತ್ತು, ಅನೇಕ ಸ್ನೇಹಿತರಿಗೆ ನೆನಪಿಗೊಂದೊಂದು ಪುಸ್ತಕವಿತ್ತು. ಬಾಸ್ವೆಲ್ಲನ ಹೆಸರೇ ಇರಲಿಲ್ಲ.

ಅಭಿಮಾನದ ನಿಜವಾದ ಪರೀಕ್ಷೆ ಇಲ್ಲಿ. ಒಂದು ಪುಸ್ತಕವೂ ದೊರೆಯದವನು ಒಂದು ಪುಸ್ತಕವನ್ನು ಕೊಡಲು ಕುಳಿತ. 1785ರಲ್ಲಿ ಹೆಬ್ರಿಡೀಸ್ ಯಾತ್ರೆಯ ದಿನಚರಿ ಹೊರಬಂದಿತು. ಅನಂತರದ ವರ್ಷಗಳು ಅವನ ಪಾಲಿಗೆ ಸೋಲಿನ ಮೇಲೆ ಸೋಲು. ಲಂಡನ್ನಿನಲ್ಲಿ ವಕೀಲಿ ಸಾಗಲಿಲ್ಲ, ಪಾರ್ಲಿಮೆಂಟಿನ ಆಸೆಯಿಂದ ಆಶ್ರಯಿಸಿದ ಶ್ರೀಮಂತ ಲಾನ್ಸ್‌ಡೇಲ್ ಅವಮಾನ ಮಾಡಿದ, ಕುಡಿತ ಹೆಚ್ಚಿತು. 1789ರ ಜೂನಿನಲ್ಲಿ ಕ್ಷಯರೋಗದಿಂದ ಮಾರ್ಗರೆಟ್ ತೀರಿಕೊಂಡಾಗ ಅವನು ಲಂಡನ್ನಿನಲ್ಲಿದ್ದ. ಧಾವಿಸಿ ಬಂದರೂ ಹೊತ್ತು ಮೀರಿತ್ತು. ಆಕೆಗೆ ತಾನು ಮಾಡಿದ ಅನ್ಯಾಯದ ನೆನಪು ಅವನನ್ನು ಬಿಡಲಿಲ್ಲ. ಅಭಿಮಾನ ಅವನನ್ನು ಒಳ್ಳೆಯ ಗಂಡನನ್ನಾಗಿ ಮಾಡಿತೆಂದು ನಾನು ಹೇಳಲಾರೆ. ಇಷ್ಟರ ನಡುವೆಯೂ ಒಂದು ತಾರೀಖನ್ನು ಸರಿಪಡಿಸಲು ಲಂಡನ್ನಿನ ಅರ್ಧವನ್ನು ಸುತ್ತುತ್ತಿದ್ದ. ಜಾನ್ಸನ್ನನನ್ನು ಬಲ್ಲವರ ಮನೆಗಳಿಗೆ ಹೋಗಿ ಕಾಗದ, ನೆನಪು, ಕಥೆಗಳನ್ನು ಕೂಡಿಸುತ್ತಿದ್ದ. ಷೇಕ್ಸ್‌ಪಿಯರ್ ವಿದ್ವಾಂಸ ಎಡ್ಮಂಡ್ ಮೆಲೋನ್ ಅವನನ್ನು ಕೂಡಿಸಿಕೊಂಡು ಹಸ್ತಪ್ರತಿಯನ್ನು ತಿದ್ದಿಸಿದ. ಮೆಲೋನನಂಥ ಸ್ನೇಹಿತ ದೊರೆತುದೂ ಜಾನ್ಸನ್ನನ ಹೆಸರಿನ ಪುಣ್ಯದಿಂದಲೇ. 1791ರ ಮೇ 16ರಂದು, ಡೇವಿಸನ ಅಂಗಡಿಯಲ್ಲಿ ಪೆಟ್ಟು ತಿಂದ ದಿನಕ್ಕೆ ಸರಿಯಾಗಿ 28 ವರ್ಷಗಳ ಮೇಲೆ, ಆ ಚರಿತ್ರೆ ಎರಡು ದೊಡ್ಡ ಸಂಪುಟಗಳಲ್ಲಿ ಪ್ರಕಟವಾಯಿತು. ನಾಲ್ಕು ವರ್ಷ ಕಳೆದು, 1795ರ ಮೇ 19ರಂದು, ಬಾಸ್ವೆಲ್ ಕಣ್ಣು ಮುಚ್ಚಿದ. ಆಗ ಅವನಿಗೆ 54 ವರ್ಷ.

ಮೆಕಾಲೆಗೆ ಉತ್ತರ ಮರುವರ್ಷವೇ ಬಂದಿತು. ಹಿರಿಯದನ್ನು ಕಂಡು ಬಾಗುವ ಶಕ್ತಿಯೇ ಬಾಸ್ವೆಲ್ಲನ ಗುಣವೆಂದು ಕಾರ್ಲೈಲ್ 1832ರಲ್ಲಿ ವಾದಿಸಿದ. ಇನ್ನೂ ಗಟ್ಟಿಯಾದ ಉತ್ತರ ದೊರೆಯಲು ಸುಮಾರು ನೂರು ವರ್ಷ ಬೇಕಾಯಿತು. ಐರ್ಲೆಂಡಿನ ಮಲಹೈಡ್ ಕೋಟೆಯಲ್ಲೂ ಸ್ಕಾಟ್ಲೆಂಡಿನ ಫೆಟರ್‌ಕೇರ್ನ್ ಬಂಗಲೆಯಲ್ಲೂ 1920 ಮತ್ತು 1930ರ ದಶಕಗಳಲ್ಲಿ ಅವನ ದಿನಚರಿಗಳು ಕಾಗದಗಳು ರಾಶಿರಾಶಿಯಾಗಿ ಹೊರಬಂದುವು. 1949ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯ ಅವನ್ನು ಕೊಂಡಿತು. ಮರುವರ್ಷ ಅವನ ಲಂಡನ್ ದಿನಚರಿ ಅಚ್ಚಾಗಿ ಎಲ್ಲರ ಕೈಗೂ ಬಂದಿತು. ಅವು ತೋರಿಸಿದುದು ಮೂರ್ಖನನ್ನಲ್ಲ. ಕೇಳಿದ ಮಾತನ್ನು ನೆನಪಿನಲ್ಲಿ ಹಿಡಿದು, ದೃಶ್ಯವಾಗಿ ಕಟ್ಟಿ, ತನ್ನ ದೌರ್ಬಲ್ಯವನ್ನೂ ಕಣ್ಣು ಮುಚ್ಚದೆ ನೋಡಬಲ್ಲ ಪ್ರತಿಭಾವಂತನನ್ನು.

ಕನ್ನಡದ ಅಧ್ಯಾಪಕನಾದ ನನಗೆ ಇಲ್ಲಿ ಹರಿಹರ ನೆನಪಾಗುತ್ತಾನೆ. ಅರಸರನ್ನು ಬಿಟ್ಟು ಶಿವಶರಣರನ್ನು ಆರಿಸಿಕೊಂಡು ರಗಳೆಗಳಲ್ಲಿ ಅವರ ಬಾಳನ್ನು ಹಾಡಿದ ಆ ಕವಿಯೂ ಮಹಾ ಅಭಿಮಾನಿ. ತನ್ನ ಕಾಲಕ್ಕಿಂತ ಬಹು ಹಿಂದಿನ ನಂಬಿಯಣ್ಣನನ್ನು ಅವನು ಪಕ್ಕದ ಮನೆಯವನಂತೆ ಕಂಡ. ಹರಿಹರನದು ದೇವರ ದಾರಿ, ಬಾಸ್ವೆಲ್ಲನದು ಲೋಕದ ದಾರಿ. ಹೋಲಿಕೆಯನ್ನು ದೂರ ಎಳೆಯಬಾರದು. ಆದರೂ ಇಬ್ಬರಲ್ಲೂ ಒಲಿದ ಮನಸ್ಸು ಒಲಿದುದನ್ನು ಹಂಚದೆ ಇರಲಾರದಾಯಿತು. ವಿಮರ್ಶೆಯನ್ನು ಕಲಿಸುವ ಭರದಲ್ಲಿ ನಾವು ವಿದ್ಯಾರ್ಥಿಗಳಿಗೆ ತಪ್ಪು ಹುಡುಕುವುದನ್ನು ಬೇಗ ಕಲಿಸುತ್ತೇವೆ. ಮನಸಾರ ಮೆಚ್ಚುವುದೂ ಕಲಿಯಬೇಕಾದ ವಿದ್ಯೆ. ಅದಕ್ಕೆ ಕಿವಿ ಬೇಕು, ತಾಳ್ಮೆ ಬೇಕು, ಪೆಟ್ಟು ತಿಂದರೂ ಕುಳಿತಿರುವ ಧೈರ್ಯ ಬೇಕು.

ಬಾಸ್ವೆಲ್ ಸುಖಿಯಾಗಿದ್ದನೆ ಎಂದು ಯಾರಾದರೂ ಕೇಳಿದರೆ, ಯಾವಾಗಲೂ ಅಲ್ಲ ಎಂದೇ ಹೇಳಬೇಕು. ಆದರೆ ಮೈಟರಿನ ರಾತ್ರಿಗಳಲ್ಲಿ, ಹೆಬ್ರಿಡೀಸಿನ ಮಳೆಯಲ್ಲಿ, ಡಿಲಿಯ ಮನೆಯ ಪಂಕ್ತಿಯಲ್ಲಿ ಅವನು ಸುಖಿಯಾಗಿದ್ದ. ಆ ಸುಖವನ್ನು ಸೋರಿಹೋಗದಂತೆ ಪುಟಗಳಲ್ಲಿ ತುಂಬಿಟ್ಟ. ಗ್ರಂಥ ದೊಡ್ಡದೆಂದು ಹೆದರುವ ಕಾರಣವಿಲ್ಲ. ಮೊದಲಿನಿಂದಲೇ ಓದಬೇಕೆಂಬ ನಿಯಮವೂ ಇಲ್ಲ. 1763ರ ಮೇ ತಿಂಗಳ ಪುಟವನ್ನು ತೆರೆದರೆ ಸಾಕು. ಡೇವಿಸನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಓದುಗನಿಗೂ ಒಂದು ಕುರ್ಚಿಯಿದೆ. ಜಾನ್ಸನ್ ಇನ್ನೇನು ಒಳಗೆ ಬರುತ್ತಾನೆ.